ಕಿರುಬೆರಳಿಗೆ ಮಾತ್ರ ಜೋಮು ಇರಲಿಲ್ಲ

"ಕಿರುಬೆರಳೂ ಜೋಮು ಹಿಡಿಯುತ್ತಾ?" ಅಂತ ಡಾಕ್ಟರ್ ಕೇಳಿದಾಗ ನನಗೆ ಉತ್ತರ ಹೇಳಲು ಆಗಲಿಲ್ಲ. ಏಳೆಂಟು ತಿಂಗಳಿಂದ ರಾತ್ರಿ ಎರಡಕ್ಕೋ ಮೂರಕ್ಕೋ ಎದ್ದು ಬಲಗೈ ಜಾಡಿಸುತ್ತಾ ಹಾಸಿಗೆಯಲ್ಲಿ ಕೂತಿದ್ದೇನೆ, ಆದರೆ ಯಾವ ಬೆರಳು ಜೋಮು ಹಿಡಿಯುತ್ತದೆ ಯಾವುದು ಹಿಡಿಯುವುದಿಲ್ಲ ಅಂತ ಒಂದು ದಿನವೂ ನೋಡಿಕೊಂಡಿರಲಿಲ್ಲ. ಇಡೀ ಕೈ ಅಂತಲೇ ಎಲ್ಲರಿಗೂ ಹೇಳುತ್ತಿದ್ದೆ. "ಇವತ್ತು ರಾತ್ರಿ ಎಚ್ಚರ ಆದಾಗ ನೋಡಿಕೊಳ್ಳಿ, ನಾಳೆ ಬಂದು ಹೇಳಿ" ಅಂದರು.

ಅವತ್ತು ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಎಡಗೈಯಿಂದ ಬಲಗೈಯ ಒಂದೊಂದೇ ಬೆರಳು ಚಿವುಟಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ನನ್ನವೇ ಅಲ್ಲವೇನೋ ಅನ್ನುವ ಹಾಗೆ ಮರಗಟ್ಟಿದ್ದವು. ಉಂಗುರಬೆರಳಿನಲ್ಲಿ ನಡುಬೆರಳಿನ ಕಡೆಯ ಅರ್ಧ ಮಾತ್ರ ಮಂಕು. ಕಿರುಬೆರಳು ಚಿವುಟಿದರೆ ಚುರ್ ಅಂತು. ಅದಕ್ಕೇನೂ ಆಗಿರಲಿಲ್ಲ.

ಮರುದಿನ ಹೇಳಿದೆ. ಡಾಕ್ಟರ್ ಒಂದು ಹಾಳೆ ಎಳೆದುಕೊಂಡು ಮಣಿಕಟ್ಟಿನ ಚಿತ್ರ ಬರೆದರು. ಅಂಗೈಯ ಬುಡದಲ್ಲಿ ಒಂದು ಸಣ್ಣ ಸುರಂಗ ಇದೆ. ಕೆಳಗೆ, ಎರಡೂ ಪಕ್ಕ ಪುಟ್ಟ ಪುಟ್ಟ ಮೂಳೆಗಳು, ಮೇಲೆ ಚಾವಣಿಯ ಹಾಗೆ ಒಂದು ಗಟ್ಟಿ ಪಟ್ಟಿ. ಅದರೊಳಗೆ ಬೆರಳು ಮಡಿಸುವ ಒಂಬತ್ತು ಹುರಿಗಳು ಹಾದುಹೋಗುತ್ತವೆ, ಅವುಗಳ ಜೊತೆ ಒಂದೇ ಒಂದು ನರ, ಮೀಡಿಯನ್ ನರ. ಮೂಳೆಯೂ ಹಿಗ್ಗುವುದಿಲ್ಲ, ಮೇಲಿನ ಪಟ್ಟಿಯೂ ಹಿಗ್ಗುವುದಿಲ್ಲ. ಒಳಗೆ ಸ್ವಲ್ಪ ಊದಿಕೊಂಡರೂ, ನೀರು ತುಂಬಿಕೊಂಡರೂ ಎಲ್ಲಕ್ಕಿಂತ ಮೆತ್ತಗಿರುವ ನರಕ್ಕೇ ಪೆಟ್ಟು ಬೀಳುತ್ತದೆ. ಹೆಬ್ಬೆರಳಿನಿಂದ ಉಂಗುರಬೆರಳಿನ ಅರ್ಧದವರೆಗೆ ಸ್ಪರ್ಶ ತಿಳಿಸುವುದು ಈ ನರ. ಕಿರುಬೆರಳಿನ ನರ ಬೇರೆ, ಅದು ಈ ಸುರಂಗದ ಒಳಗೆ ಹೋಗುವುದೇ ಇಲ್ಲ. ಕಾರ್ಪಲ್ ಟನೆಲ್ ಸಿಂಡ್ರೋಮ್ ಅನ್ನುವ ಹೆಸರು ನಾನು ಮೊದಲ ಸಲ ಕೇಳಿದ್ದು ಅವತ್ತೇ.

ಅಲ್ಲಿಗೆ ಹೋಗುವ ಮೊದಲು ಏನೇನು ಮಾಡಿದ್ದೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನ ಇದೇ ದಾರಿಯಲ್ಲಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಮೊದಲು ಮುಲಾಮು. ಆಮೇಲೆ ಎಳ್ಳೆಣ್ಣೆ ಕಾಯಿಸಿ ತಿಕ್ಕಿದ್ದು. ಉಳುಕಿರಬೇಕು ಅಂತ ಒಬ್ಬರ ಹತ್ತಿರ ನೀವಿಸಿಕೊಂಡೆ, ಅವತ್ತು ರಾತ್ರಿ ಎಂದಿಗಿಂತ ಜಾಸ್ತಿ ನೋವಾಯಿತು. ಕುತ್ತಿಗೆ ಸವೆದಿರಬೇಕು ಅಂತ ಒಂದು ಕಡೆ ಎಕ್ಸ್‌ರೇ ತೆಗೆದರು. ವಾರಕ್ಕೊಂದರಂತೆ ಐದು ಬಿ-ಕಾಂಪ್ಲೆಕ್ಸ್ ಇಂಜೆಕ್ಷನ್ ಹಾಕಿಸಿಕೊಂಡೆ. ನೋವಿನ ಮಾತ್ರೆ ನುಂಗಿದೆ, ಹೊಟ್ಟೆ ಉರಿ ಬಂತು, ಜೋಮು ಹೋಗಲಿಲ್ಲ. ನೋವಿನ ಮಾತ್ರೆಯಿಂದ ಈ ತೊಂದರೆಗೆ ಹೇಳಿಕೊಳ್ಳುವ ಉಪಯೋಗ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಬಿ-12 ಕಡಿಮೆಯಾದರೂ ಕೈಕಾಲು ಜೋಮು ಹಿಡಿಯುವುದು ನಿಜ, ಆದರೆ ಅದಕ್ಕೆ ರಕ್ತ ಪರೀಕ್ಷೆ ಮಾಡಿಸಿ ನೋಡಬೇಕಲ್ವಾ, ಸುಮ್ನೆ ಚುಚ್ಚಿಸಿಕೊಳ್ಳುವುದಲ್ಲ. ಬಿ-6 ಅನ್ನುವ ವಿಟಮಿನ್ ಅಂತೂ ಅತಿಯಾದರೆ ಅದೇ ನರಗಳನ್ನು ಕೆಡಿಸುತ್ತದೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ನನ್ನ ಕೆಲಸ ದಾವಣಗೆರೆಯ ಒಂದು ಸಣ್ಣ ಪ್ರಿಂಟಿಂಗ್ ಅಂಗಡಿಯಲ್ಲಿ. ಡಿಟಿಪಿ, ಲಗ್ನಪತ್ರಿಕೆ, ಪ್ರಾಜೆಕ್ಟ್ ರಿಪೋರ್ಟು, ಸ್ಪೈರಲ್ ಬೈಂಡಿಂಗ್. ಹದಿನಾರು ವರ್ಷ ಆಯಿತು. ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡುವವರಿಗೆ ಗೊತ್ತು, ಒತ್ತಕ್ಷರ ಬೇಕೆಂದರೆ ಪ್ರತಿ ಸಲ ಎಫ್ ಕೀಲಿ ಒತ್ತಬೇಕು, ಒಂದು ಲಗ್ನಪತ್ರಿಕೆಯಲ್ಲಿ ಎಷ್ಟು ಒತ್ತಕ್ಷರ ಬರುತ್ತವೆ ಎಣಿಸಿ ನೋಡಿ. ಹಾಗಾಗಿ ಟೈಪಿಂಗಿನಿಂದಲೇ ಕೈ ಹೋಯಿತು, ಈ ಕೆಲಸ ಬಿಡಬೇಕಾಗುತ್ತದೆ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಆ ಚಿಂತೆಯಲ್ಲಿ ಎಷ್ಟು ರಾತ್ರಿ ಅತ್ತಿದ್ದೇನೋ ನನಗೇ ಗೊತ್ತು. ಮನೆ ಸಾಲದ ಕಂತು, ಮಗನ ಕಾಲೇಜು, ಎಲ್ಲ ಕಣ್ಣ ಮುಂದೆ ಬರುತ್ತಿತ್ತು.

ಅದೇ ಸಮಯದಲ್ಲಿ ನಮ್ಮವ್ವ ಊರಿಂದ ಬಂದಿದ್ದಳು. ಹಾಲ್‌ನಲ್ಲಿ ಮಲಗಿದ್ದವಳು ರಾತ್ರಿ ನಾನು ಕೈ ಜಾಡಿಸುವ ಸದ್ದಿಗೆ ಎದ್ದು ಬಂದಳು. "ನಂದೂ ಹಿಂಗ ಆಕ್ಕಿತ್ತಲ್ಲವ್ವ, ಎಷ್ಟು ವರ್ಷಾತು. ಜಾಡಿಸಿದ್ರ ಹೊಕ್ಕತಿ, ಅದಕ್ಕ್ಯಾಕ ಅಷ್ಟು ಹೆದರ್ತಿ" ಅಂದಳು. ಲೈಟ್ ಹಾಕಿ ಅವಳ ಅಂಗೈ ತೆರೆದು ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಎಲ್ಲರಿಗೂ ಉಬ್ಬಿರುವ ಮಾಂಸ ಇರುತ್ತದಲ್ಲ, ಅವ್ವನ ಬಲಗೈಯಲ್ಲಿ ಅದು ಇರಲೇ ಇಲ್ಲ. ಆ ಜಾಗ ಗುಳಿ ಬಿದ್ದಿತ್ತು. ಹುಡುಗಿಯಾಗಿದ್ದಾಗಿನಿಂದ ದಿನಕ್ಕೆ ಇಪ್ಪತ್ತು ಮೂವತ್ತು ಜೋಳದ ರೊಟ್ಟಿ ಬಡಿದ ಕೈ ಅದು. ಕೂಡುಮನೆ, ಹೊಲಕ್ಕೆ ಹೋಗುವವರ ಬುತ್ತಿ, ಹಬ್ಬಕ್ಕೆ ಕಟಕ್ ರೊಟ್ಟಿ ಅಂತ ಬಡಿದದ್ದೇ ಬಡಿದದ್ದು. ಈಚೆಗೆ ಕುಪ್ಪಸದ ಹುಕ್ಕು ಹಾಕಿಕೊಳ್ಳಲು ನಮ್ಮ ಅತ್ತಿಗೆಯನ್ನು ಕರೆಯುತ್ತಿದ್ದಳಂತೆ, ವಯಸ್ಸಾಯಿತು ಅಂದುಕೊಂಡಿದ್ದೆವು. ಆ ಕೈ ನೋಡಿದ ಮೇಲೆ ನಾನು ನೀವಿಸಿಕೊಳ್ಳುವುದು, ಇಂಜೆಕ್ಷನ್ನು ಎಲ್ಲ ಬಿಟ್ಟು, ಕಿರುಬೆರಳಿನ ಪ್ರಶ್ನೆ ಕೇಳಿದ ಆ ನರರೋಗ ತಜ್ಞರ ಹತ್ತಿರ ಹೋದೆ. 2023ರ ಜೂನ್ ತಿಂಗಳು ಅದು.

ಅವರು ಮಾಡಿದ ಮೊದಲ ಪರೀಕ್ಷೆ ಬಹಳ ಸುಲಭದ್ದು. ಎರಡೂ ಕೈಯ ಹಿಂಭಾಗ ಒಂದಕ್ಕೊಂದು ತಾಗಿಸಿ ಬೆರಳು ಕೆಳಗೆ ಮಾಡಿ ಒಂದು ನಿಮಿಷ ಹಿಡಿಯಿರಿ ಅಂದರು, ನಮಸ್ಕಾರವನ್ನು ತಿರುಗಿಸಿ ಹಿಡಿದ ಹಾಗೆ. ಇಪ್ಪತ್ತು ಸೆಕೆಂಡಿಗೇ ಬಲಗೈ ಜೋಮು ಹಿಡಿಯಿತು. ಆಮೇಲೆ ನರ ಪರೀಕ್ಷೆ, ಎನ್‌ಸಿಎಸ್ ಅನ್ನುತ್ತಾರೆ. ಸಣ್ಣ ಕರೆಂಟ್ ಕೊಟ್ಟು ಮಣಿಕಟ್ಟು ದಾಟಲು ನರಕ್ಕೆ ಎಷ್ಟು ಹೊತ್ತು ಬೇಕು ಅಂತ ಅಳೆಯುತ್ತಾರೆ. ಕೈ ತಣ್ಣಗಿದ್ದರೆ ನರ ನಿಧಾನ ಅಂತ ತಪ್ಪು ಬರುತ್ತದೆ, ಹಾಗಾಗಿ ಅಲ್ಲಿಯ ಹುಡುಗಿ ಮೊದಲು ನನ್ನ ಕೈ ಬೆಚ್ಚಗೆ ಮಾಡಿದಳು. ಚುರುಚುರು ಅನ್ನುತ್ತದೆ, ತಡೆದುಕೊಳ್ಳಲಾರದಷ್ಟು ಏನಿಲ್ಲ. ಬಲಗೈ ಮಧ್ಯಮ ಹಂತ, ಎಡಗೈ ಈಗಷ್ಟೇ ಶುರು ಅಂತ ಬಂತು.

ಜೊತೆಗೆ ರಕ್ತ ಪರೀಕ್ಷೆ. ಥೈರಾಯ್ಡ್ ಕಡಿಮೆ ಇದ್ದರೂ ಇದು ಬರುತ್ತದೆ, ಸಕ್ಕರೆ ಕಾಯಿಲೆ ಇದ್ದರೂ ಬರುತ್ತದೆ, ಕೀಲುವಾತ ಇದ್ದರೂ ಬರುತ್ತದೆ. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಬಂದು ಹೆರಿಗೆ ಆದ ಮೇಲೆ ಸಾಮಾನ್ಯವಾಗಿ ಹೋಗುತ್ತದೆ. ನನ್ನ ಥೈರಾಯ್ಡ್ ಸರಿ ಇತ್ತು. ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) 6.1 ಇತ್ತು. ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಅದರ ಹೊಸ್ತಿಲು. ತೂಕ 79 ಕಿಲೋ, ಎತ್ತರ ಐದಡಿ ಎರಡಂಗುಲ. ಬಿಎಂಐ ಲೆಕ್ಕ ಹಾಕಿದರೆ ಹತ್ತಿರಹತ್ತಿರ 32. ಭಾರತೀಯರಿಗೆ 23 ದಾಟಿದರೇ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ.

"ತೂಕ ಇಳಿಸಿ" ಅಂದರು ಡಾಕ್ಟರ್. ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ನಮ್ಮಂಥ ಹೆಂಗಸರು ಮಂಡಿ ನೋವು ಅಂತ ಹೋದರೂ ತೂಕ, ಬೆನ್ನು ನೋವು ಅಂದರೂ ತೂಕ, ತಲೆ ನೋವು ಅಂದರೂ ತೂಕ. ಮಂಡಿ ಆದರೆ ದೇಹ ಹೊರುತ್ತದೆ, ಕೈ ಏನು ಹೊರುತ್ತದೆ? ಹಾಗೇ ಕೇಳಿಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳದೆ ವಿವರಿಸಿದರು. ಬೊಜ್ಜು ಇರುವವರಿಗೆ ಇದು ಬರುವ ಸಾಧ್ಯತೆ ಬೇರೆಯವರಿಗಿಂತ ಸುಮಾರು ಎರಡು ಪಟ್ಟು. ದೇಹದಲ್ಲಿ ಕೊಬ್ಬು ಜಾಸ್ತಿ ಆದಾಗ ಸುರಂಗದ ಒಳಗೆ ಒತ್ತಡ ಏರಬಹುದು, ನೀರು ಹಿಡಿದಿಟ್ಟುಕೊಳ್ಳುವುದು ಜಾಸ್ತಿ ಆಗಬಹುದು, ಸಕ್ಕರೆ ಅಂಶ ಏರುತ್ತಾ ಹೋದರೆ ನರವೇ ಬಲಹೀನ ಆಗುತ್ತದೆ. ಮೊದಲೇ ಬಲಹೀನವಾದ ನರಕ್ಕೆ ಸಣ್ಣ ಒತ್ತಡವೂ ದೊಡ್ಡದು. "ತೂಕ ಇಳಿದರೆ ಕೈ ವಾಸಿಯಾಗೇ ಆಗುತ್ತದೆ ಅಂತ ನಾನು ಖಾತ್ರಿ ಕೊಡಲ್ಲ. ಆದರೆ ಕೈ ಜೊತೆಗೆ ಶುಗರ್ರೂ ನಿಮ್ಮ ಬೆನ್ನು ಹತ್ತಿದೆ, ಎರಡಕ್ಕೂ ಮದ್ದು ಒಂದೇ. ಮೂರು ತಿಂಗಳು ರಾತ್ರಿ ಮಣಿಕಟ್ಟಿಗೆ ಸ್ಪ್ಲಿಂಟ್ ಪಟ್ಟಿ ಕಟ್ಟಿ, ತೂಕ ಇಳಿಸಿ, ಆಮೇಲೆ ನೋಡೋಣ. ಅಷ್ಟರೊಳಗೆ ಶಕ್ತಿ ಕಡಿಮೆ ಆಯ್ತು ಅನ್ನಿಸಿದರೆ ಕಾಯಬೇಡಿ, ಬಂದುಬಿಡಿ" ಅಂದರು. ಖಾತ್ರಿ ಕೊಡಲ್ಲ ಅಂದದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಟೈಪಿಂಗ್ ಬಗ್ಗೆಯೂ ಕೇಳಿದೆ. ಕೀಬೋರ್ಡ್‌ನಿಂದಲೇ ಬಂತು ಅಂತ ಹೇಳಲು ಗಟ್ಟಿ ಆಧಾರ ಇಲ್ಲ, ಬಲವಾಗಿ ಹಿಡಿದು ಒತ್ತುವ ಕೆಲಸ, ಅದನ್ನೇ ಮತ್ತೆ ಮತ್ತೆ ಮಾಡುವುದು, ಅದುರುವ ಮಷಿನ್ ಹಿಡಿಯುವುದು, ಇವು ಹೆಚ್ಚು ಕೆಡುಕು ಅಂದರು. ಅಂಗಡಿಗೆ ವಾಪಸ್ ಬಂದು ನನ್ನ ದಿನವನ್ನು ಹೊಸದಾಗಿ ನೋಡಿದೆ. ಸ್ಪೈರಲ್ ಬೈಂಡಿಂಗ್ ಮಷಿನ್ನಿನ ಹಿಡಿಯನ್ನು ಬಲಗೈಯಲ್ಲಿ ಒತ್ತಿ ಒತ್ತಿ ತೂತು ಹಾಕುವುದು. ದಪ್ಪ ರಿಪೋರ್ಟಿಗೆ ಸ್ಟೇಪ್ಲರ್ ಹೊಡೆಯುವುದು. ಸ್ಕೂಟಿಯ ಆಕ್ಸಿಲರೇಟರ್ ಬಿಗಿಯಾಗಿ ಹಿಡಿದು ಗುಂಡಿ ರಸ್ತೆಯಲ್ಲಿ ಬರುವುದು. ಮನೆಗೆ ಬಂದರೆ ಬೆಡ್‌ಶೀಟ್ ಹಿಂಡುವುದು, ಈಳಿಗೆಮಣೆಯಲ್ಲಿ ಕಾಯಿ ತುರಿಯುವುದು, ಚಪಾತಿ ಲಟ್ಟಿಸುವುದು. ಎಲ್ಲವೂ ಬಲಗೈ. ನಾನು ಸುಮ್ನೆ ಎಫ್ ಕೀಲಿಯನ್ನು ಬೈದುಕೊಂಡಿದ್ದೆ, ಅದನ್ನು ಒತ್ತುವುದು ಎಡಗೈ, ಕೆಟ್ಟಿದ್ದು ಬಲಗೈ!

ಮೊದಲು ಸ್ಪ್ಲಿಂಟ್ ವಿಷಯ ಹೇಳುತ್ತೇನೆ, ಯಾಕೆಂದರೆ ಬೇಗ ಗುಣ ಕಂಡದ್ದು ಅದರಿಂದ. ಮೆಡಿಕಲ್ ಶಾಪಿನಲ್ಲಿ ಸಿಗುವ ಮಣಿಕಟ್ಟಿನ ಪಟ್ಟಿ, ಒಳಗೆ ಒಂದು ಲೋಹದ ಪಟ್ಟಿ ಇರುತ್ತದೆ. ಆ ಲೋಹದ ಪಟ್ಟಿ ಸಾಮಾನ್ಯವಾಗಿ ಕೈಯನ್ನು ಹಿಂದಕ್ಕೆ ಬಾಗಿಸುವ ಹಾಗೆ ಸೊಟ್ಟಗಿರುತ್ತದೆ. ಈ ತೊಂದರೆಗೆ ಅದು ಬೇಡ. ಮಣಿಕಟ್ಟು ನೇರವಾಗಿದ್ದಾಗ ಸುರಂಗದ ಒಳಗೆ ಒತ್ತಡ ಅತಿ ಕಡಿಮೆ, ಹಿಂದಕ್ಕೆ ಬಾಗಿದರೂ ಮುಂದಕ್ಕೆ ಮಡಚಿದರೂ ಹಲವು ಪಟ್ಟು ಏರುತ್ತದೆ. ಡಾಕ್ಟರ್ ಆ ಪಟ್ಟಿಯನ್ನು ಹೊರಗೆ ಎಳೆದು, ಮೇಜಿನ ಅಂಚಿಗೆ ಒತ್ತಿ ನೇರ ಮಾಡಿ ಮತ್ತೆ ಒಳಗೆ ಸೇರಿಸಿ ಕೊಟ್ಟರು. ಅಂಗಡಿಯಿಂದ ತಂದು ಹಾಗೇ ಕಟ್ಟಿಕೊಳ್ಳುವವರು ಇದನ್ನು ದಯವಿಟ್ಟು ನೋಡಿಕೊಳ್ಳಿ. ಇನ್ನೊಂದು, ಗಟ್ಟಿಯಾಗಿ ಕಟ್ಟಬಾರದು. ಮೊದಲ ವಾರ ನಾನು ಬಿಗಿದು ಕಟ್ಟಿ ಜೋಮು ಜಾಸ್ತಿ ಮಾಡಿಕೊಂಡೆ. ಒಂದು ಬೆರಳು ಒಳಗೆ ತೂರುವಷ್ಟು ಸಡಿಲ ಇರಬೇಕು.

ರಾತ್ರಿಯೇ ಯಾಕೆ ಜಾಸ್ತಿ ಅನ್ನುವುದೂ ಆಗ ಅರ್ಥವಾಯಿತು. ನಾನು ಮಲಗುವುದು ಬಲಗೈ ಮಡಚಿ ಕೆನ್ನೆಯ ಕೆಳಗೆ ಇಟ್ಟುಕೊಂಡು. ಚಿಕ್ಕಂದಿನಿಂದ ಹಾಗೇ. ಮಣಿಕಟ್ಟು ಮಡಚಿ, ಮೇಲೆ ತಲೆಯ ಭಾರ ಹೇರಿ ಗಂಟೆಗಟ್ಟಲೆ. ಜೊತೆಗೆ ಹಗಲೆಲ್ಲ ಕಾಲಿಗೆ ಇಳಿದಿದ್ದ ನೀರು ಮಲಗಿದಾಗ ಮೈಯಲ್ಲೆಲ್ಲ ಹಂಚಿಕೊಳ್ಳುತ್ತದೆ, ಕೈಯೂ ಸ್ವಲ್ಪ ಊದಿಕೊಳ್ಳುತ್ತದೆ. ಸ್ಪ್ಲಿಂಟ್ ಕಟ್ಟಿದರೆ ಕೈ ಮಡಚಲು ಆಗುವುದಿಲ್ಲ, ಅಷ್ಟೇ ಅದರ ಕೆಲಸ. ಹತ್ತನೇ ದಿನ ನಾನು ಐದು ಗಂಟೆವರೆಗೆ ನಿದ್ದೆ ಮಾಡಿದೆ. ಏಳೆಂಟು ತಿಂಗಳ ಮೇಲೆ. ಎದ್ದು ಬೆರಳು ಆಡಿಸಿ ನೋಡಿ, ನಮ್ಮನೆಯವರನ್ನು ಎಬ್ಬಿಸಿ ಹೇಳಿದೆ.

ನಿದ್ದೆ ಬಂದ ಮೇಲೆಯೇ ತೂಕ ಇಳಿಸುವ ಶಕ್ತಿ ಬಂದದ್ದು ಅಂತ ನಾನು ಖಂಡಿತ ಹೇಳುತ್ತೇನೆ. ನಿದ್ದೆಗೆಟ್ಟ ಮನುಷ್ಯನಿಗೆ ಬೆಳಿಗ್ಗೆ ಎದ್ದು ನಡಿ ಅಂದರೆ ಹೇಗೆ ನಡೆದಾನು? ಮಧ್ಯಾಹ್ನ ಮಂಪರು, ಅದಕ್ಕೆ ಟೀ, ಟೀಗೆ ಸಕ್ಕರೆ, ಸಂಜೆ ಹಸಿವು. ಒಂದು ಕೊಂಡಿ ಬಿಚ್ಚಿದ ಮೇಲೆ ಉಳಿದದ್ದಕ್ಕೆ ಕೈ ಹಾಕಲು ಆಯಿತು.

ದಾವಣಗೆರೆಯಲ್ಲಿ ಇದ್ದುಕೊಂಡು ತೂಕ ಇಳಿಸುವುದು ಅಂದರೆ ಏನು ಅಂತ ಇಲ್ಲಿಯವರಿಗೆ ವಿವರಿಸಬೇಕಿಲ್ಲ. ಸಂಜೆ ಐದಾದರೆ ಅಂಗಡಿಗೆ ಮಂಡಕ್ಕಿ-ಮಿರ್ಚಿ ಬರುತ್ತದೆ, ಪೇಪರ್ ಹಾಸಿ ನಾಲ್ಕೈದು ಜನ ಸುತ್ತ ನಿಂತು ತಿನ್ನುತ್ತೇವೆ, ದಿನದಲ್ಲಿ ಎಲ್ಲರೂ ನಗುವ ಹೊತ್ತು ಅದೊಂದೇ. ಭಾನುವಾರ ಬೆಣ್ಣೆ ದೋಸೆ. ಇವನ್ನೆಲ್ಲ ಬಿಟ್ಟು ಓಟ್ಸ್ ತಿನ್ನು ಅಂದರೆ ನನ್ನಿಂದ ಒಂದು ವಾರವೂ ಆಗುತ್ತಿರಲಿಲ್ಲ, ಪ್ರಯತ್ನವನ್ನೂ ಮಾಡಲಿಲ್ಲ. ಮೊದಲು ಹದಿನೈದು ದಿನ ಏನೂ ಬದಲಿಸದೆ ತಿಂದದ್ದನ್ನೆಲ್ಲ ಹಳೆಯ ಡೈರಿಯಲ್ಲಿ ಬರೆದೆ. ಓದಿದಾಗ ಎರಡು ವಿಷಯ ಕಣ್ಣಿಗೆ ಹೊಡೆಯಿತು. ದಿನಕ್ಕೆ ಆರು ಟೀ, ಒಂದಕ್ಕೆ ಎರಡು ಚಮಚ ಸಕ್ಕರೆ, ಅಂದರೆ ದಿನಕ್ಕೆ ಹನ್ನೆರಡು ಚಮಚ, ಐವತ್ತು ಗ್ರಾಂ ಹತ್ತಿರ. ಇನ್ನೊಂದು ರಾತ್ರಿ ಹತ್ತು ಗಂಟೆಗೆ ತಟ್ಟೆ ತುಂಬ ಅನ್ನ ಸಾರು, ಹಪ್ಪಳ, ಉಪ್ಪಿನಕಾಯಿ, ಕೈ ತೊಳೆದು ಹಾಗೇ ಮಲಗುವುದು.

ಟೀ ಮೂರಕ್ಕೆ ಇಳಿಸಿದೆ, ಸಕ್ಕರೆ ಅರ್ಧ ಚಮಚ. ರಾತ್ರಿ ಊಟ ಎಂಟು ಗಂಟೆಯೊಳಗೆ, ಎರಡು ಜೋಳದ ರೊಟ್ಟಿ, ಪಲ್ಯ, ಕಾಳು, ಮಜ್ಜಿಗೆ. ರೊಟ್ಟಿ ನಾನು ಬಡಿಯುವುದಿಲ್ಲ, ಪಕ್ಕದ ಬೀದಿಯಲ್ಲಿ ಒಬ್ಬ ಅಕ್ಕ ಮಾಡಿ ಮಾರುತ್ತಾರೆ, ಅವರ ಕೈಯನ್ನೂ ಈಗ ನಾನು ವಿಚಾರಿಸುತ್ತಿರುತ್ತೇನೆ. ಅನ್ನ ಮಧ್ಯಾಹ್ನಕ್ಕೆ ಮಾತ್ರ, ಒಂದು ಬಟ್ಟಲು. ಹಪ್ಪಳ ಉಪ್ಪಿನಕಾಯಿ ದಿನಾ ಇಲ್ಲ, ಉಪ್ಪು ಜಾಸ್ತಿ ಆದ ಮಾರನೇ ದಿನ ಬೆಳಿಗ್ಗೆ ಉಂಗುರ ಬಿಗಿಯಾಗುವುದನ್ನು ನಾನೇ ಕಂಡಿದ್ದೇನೆ. ಸಂಜೆ ಮಂಡಕ್ಕಿ ತಿನ್ನುತ್ತೇನೆ, ಆದರೆ ಮಿರ್ಚಿ ವಾರಕ್ಕೆ ಒಂದು, ಉಳಿದ ದಿನ ಮನೆಯಿಂದ ಹುರಿಗಡಲೆ, ಸೌತೆಕಾಯಿ, ಮೊಳಕೆ ಹೆಸರುಕಾಳು ಒಯ್ಯುತ್ತೇನೆ. ಈಗ ಅಂಗಡಿಯಲ್ಲಿ ಸೌತೆಕಾಯಿಗೂ ಕೈ ಬರುತ್ತದೆ, ನಾಲ್ಕು ಹೆಚ್ಚು ಹಾಕಿಕೊಂಡು ಹೋಗಬೇಕು. ಬೆಣ್ಣೆ ದೋಸೆ ತಿಂಗಳಿಗೊಂದು ಭಾನುವಾರ. ಅವತ್ತು ಲೆಕ್ಕ ಇಲ್ಲದೆ ತಿನ್ನುತ್ತೇನೆ.

ನಡಿಗೆ ಕುಂದವಾಡ ಕೆರೆ ಏರಿಯ ಮೇಲೆ. ಬೆಳಿಗ್ಗೆ ಐದೂಮುಕ್ಕಾಲಿಗೆ. ಮೊದಲ ವಾರ ಇಪ್ಪತ್ತು ನಿಮಿಷಕ್ಕೇ ಏದುಸಿರು ಬರುತ್ತಿತ್ತು, ಎರಡು ತಿಂಗಳಲ್ಲಿ ಮುಕ್ಕಾಲು ಗಂಟೆ ಆಯಿತು. ಕೈ ಕೆಳಗೆ ಬಿಟ್ಟು ತುಂಬ ಹೊತ್ತು ನಡೆದರೆ ಬೆರಳು ಊದಿದ ಹಾಗೆ ಆಗುತ್ತದೆ, ಆಗ ಮುಷ್ಟಿ ಮಡಚಿ ಬಿಚ್ಚುತ್ತಾ ನಡೆಯುತ್ತಿದ್ದೆ. ಚಳಿಗಾಲದಲ್ಲಿ ಕೆರೆಯ ಮೇಲೆ ಮಂಜು ಇರುತ್ತದೆ, ಹಕ್ಕಿಗಳು ನೀರಿಗೆ ಇಳಿಯುವ ಸದ್ದು ಕೇಳಿಸುತ್ತದೆ, ಹದಿನಾರು ವರ್ಷ ಇದೇ ಊರಲ್ಲಿ ಕೆಲಸ ಮಾಡಿ ಆ ಹೊತ್ತಿನ ಕೆರೆಯನ್ನು ನಾನು ನೋಡೇ ಇರಲಿಲ್ಲ. ಅಂಗಡಿಗೂ ಸ್ಕೂಟಿ ಬಿಟ್ಟು ನಡೆದೇ ಹೋಗಲು ಶುರು ಮಾಡಿದೆ, ಒಂದೂಕಾಲು ಕಿಲೋಮೀಟರ್ ಅಷ್ಟೇ. ಕೈಗೆ ಅದುರುವಿಕೆ ತಪ್ಪಿತು, ಕಾಲಿಗೆ ಕೆಲಸ ಸಿಕ್ಕಿತು.

ಮೊದಲ ತಿಂಗಳು ಎರಡೂವರೆ ಕಿಲೋ ಇಳಿಯಿತು. ಆಮೇಲೆ ತಿಂಗಳಿಗೆ ಒಂದು, ಕೆಲವು ತಿಂಗಳು ಅರ್ಧ. ಅಕ್ಟೋಬರ್‌ನಲ್ಲಿ 73 ಆದಾಗ ಒಂದು ಸಂಜೆ ಮಲ್ಲಿಗೆ ಹೂ ಕಟ್ಟಲು ಕೂತೆ. ಅದಕ್ಕಿಂತ ಮೊದಲು ದಾರ ಬೆರಳಲ್ಲಿ ಇದೆಯೋ ಇಲ್ಲವೋ ಗೊತ್ತಾಗದೆ ಹೂ ಉದುರುತ್ತಿತ್ತು, ಕಟ್ಟುವುದನ್ನೇ ಬಿಟ್ಟಿದ್ದೆ. ಅವತ್ತು ಒಂದು ಮೊಳ ಕಟ್ಟಿದೆ. ದಾರ ತೋರುಬೆರಳಿನ ತುದಿಗೆ ಸ್ಪಷ್ಟವಾಗಿ ಸಿಗುತ್ತಿತ್ತು.

ಅಂಗಡಿಯಲ್ಲಿ ಮಾಡಿದ ಬದಲಾವಣೆಗೆ ಹೆಚ್ಚು ಖರ್ಚು ಆಗಲಿಲ್ಲ. ಕೀಬೋರ್ಡಿನ ಹಿಂದೆ ಎರಡು ಪುಟ್ಟ ಕಾಲು ಇರುತ್ತವಲ್ಲ, ಅವನ್ನು ಮಡಚಿ ಚಪ್ಪಟೆ ಮಾಡಿದೆ, ಇಲ್ಲದಿದ್ದರೆ ಕೈ ಹಿಂದಕ್ಕೆ ಬಾಗುತ್ತದೆ. ಮೇಜಿನ ಅಂಚಿಗೆ ಮಣಿಕಟ್ಟು ಊರುವ ಅಭ್ಯಾಸ ಇತ್ತು, ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿದ ಮೇಲೆ ಅದು ತಪ್ಪಿತು. ಮೌಸ್ ಹತ್ತಿರಕ್ಕೆ ಎಳೆದುಕೊಂಡೆ. ಪಂಚಿಂಗ್ ಕೆಲಸವನ್ನು ಅಂಗಡಿಯ ಹುಡುಗನೂ ನಾನೂ ಹಂಚಿಕೊಂಡೆವು, ಒಂದೇ ಸಲಕ್ಕೆ ಹೆಚ್ಚು ಹಾಳೆ ಹಾಕದೆ ಎಂಟೆಂಟು ಹಾಳೆ ಹಾಕಿದರೆ ಹಿಡಿ ಹಗುರ. ಮಾಲೀಕರಿಗೆ ನೇರವಾಗಿ ವಿಷಯ ಹೇಳಿದೆ, ಅವರು ಒಪ್ಪಿದರು. ಹೇಳದೆ ನುಂಗಿಕೊಂಡಿದ್ದವಳು ನಾನೇ.

ಮನೆಯಲ್ಲಿ ಬಟ್ಟೆ ಹಿಂಡುವುದು, ಕಾಯಿ ತುರಿಯುವುದು, ಕುಕ್ಕರ್ ಎತ್ತುವುದು ನಮ್ಮನೆಯವರಿಗೂ ಮಗನಿಗೂ ಹೋಯಿತು. ಇದನ್ನು ಸಹಾಯ ಅಂತ ನಾನು ಕರೆಯುವುದಿಲ್ಲ. ಇದು ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ ಬರುವ ತೊಂದರೆ, ನಮ್ಮ ಮನೆಗಳಲ್ಲಿ ಹಿಂಡುವ, ಅರೆಯುವ, ತಿಕ್ಕುವ ಕೆಲಸವೆಲ್ಲ ಹೆಂಗಸಿನ ಕೈಯ ಮೇಲೇ ಬಿದ್ದಿರುತ್ತದೆ. ಕೈ ಕೆಟ್ಟ ಮೇಲೂ ಕೆಲಸ ಹಂಚಿಕೊಳ್ಳದಿದ್ದರೆ ಸ್ಪ್ಲಿಂಟ್ ಏನು ಮಾಡೀತು?

ಯೋಗದ ಬಗ್ಗೆ ಬಹಳ ಜನ ಕೇಳುತ್ತಾರೆ. ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯನ್ನು ಇಟ್ಟುಕೊಂಡು ಅಮೆರಿಕದಲ್ಲಿ ಇದೇ ತೊಂದರೆಯ ಮೇಲೆ ಒಂದು ಅಧ್ಯಯನ ನಡೆದಿತ್ತು, 1998ರಲ್ಲಿ ಅಲ್ಲಿಯ ವೈದ್ಯರ ಸಂಘದ ಪತ್ರಿಕೆಯಲ್ಲಿ ಬಂತು. 42 ಜನ, ವಾರಕ್ಕೆರಡು ಸಲದಂತೆ ಎಂಟು ವಾರ, ಹನ್ನೊಂದು ಆಸನ. ಯೋಗ ಮಾಡಿದವರಿಗೆ ನೋವು ಕಡಿಮೆಯಾಗಿ ಹಿಡಿತ ಸುಧಾರಿಸಿತು. ಸಣ್ಣ ಅಧ್ಯಯನವೇ, ಆದರೂ ನಮ್ಮ ಕಡೆಯವರೊಬ್ಬರ ಪದ್ಧತಿ ಅಲ್ಲಿಯವರ ಕೈಗೆ ಮದ್ದಾಯಿತಲ್ಲ ಅಂತ ನನಗೆ ಹೆಮ್ಮೆ. ಆದರೆ ಎಲ್ಲ ಆಸನವೂ ಈ ಕೈಗೆ ಒಗ್ಗುವುದಿಲ್ಲ. ಸೂರ್ಯನಮಸ್ಕಾರದಲ್ಲಿ ಅಂಗೈ ನೆಲಕ್ಕೆ ಊರಿ ಮೈಭಾರ ಹಾಕಿದ ದಿನ ನನಗೆ ರಾತ್ರಿ ಜೋಮು ಬಂತು. ಫಿಸಿಯೋ ಅವರು ಅದನ್ನು ನಿಲ್ಲಿಸಿ, ಭುಜ ಎದೆ ಬಿಡಿಸುವ ಆಸನ ಮತ್ತು ಬೆರಳಿನ ವ್ಯಾಯಾಮ ಹೇಳಿಕೊಟ್ಟರು. ಬೆರಳು ನೇರ, ಆಮೇಲೆ ಕೊಕ್ಕೆಯ ಹಾಗೆ, ಆಮೇಲೆ ಮುಷ್ಟಿ, ಹೀಗೆ ನಿಧಾನವಾಗಿ, ನೋವಾಗದ ಹಾಗೆ. ಹುರಿಗಳೂ ನರವೂ ಸುರಂಗದಲ್ಲಿ ಸಲೀಸಾಗಿ ಜಾರಲಿ ಅಂತ. ಟೀ ಕುದಿಯುವ ಹೊತ್ತಿಗೆ ಮುಗಿಯುತ್ತದೆ.

ಎಲ್ಲವೂ ಸರಾಗವಾಗಿ ಆಗಲಿಲ್ಲ. 2024ರ ಫೆಬ್ರವರಿಯಿಂದ ಮದುವೆ ಸೀಸನ್. ರಾತ್ರಿ ಹನ್ನೊಂದರವರೆಗೆ ಲಗ್ನಪತ್ರಿಕೆ ಕೆಲಸ, ಪ್ರೂಫ್ ತಿದ್ದುವುದು, ಹೆಸರು ಬಿಟ್ಟುಹೋಯಿತು ಅಂತ ಜನ ಬಂದು ನಿಲ್ಲುವುದು. ನಡಿಗೆ ತಪ್ಪಿತು, ಟೀ ಮತ್ತೆ ಆರಾಯಿತು, ಸುಸ್ತಾಗಿ ಬಂದು ಸ್ಪ್ಲಿಂಟ್ ಕಟ್ಟದೆ ಮಲಗಿದೆ. ಆರು ವಾರದಲ್ಲಿ ಎರಡು ಕಿಲೋ ವಾಪಸ್. ಒಂದು ರಾತ್ರಿ ಮೂರು ಗಂಟೆಗೆ ಮತ್ತೆ ಎದ್ದು ಕೂತಾಗ ಬಹಳ ಹೆದರಿದೆ. ಯಾವುದರಿಂದ ಬಂತು, ತೂಕವೋ ಕೆಲಸವೋ ನಿದ್ದೆಯೋ, ಬಿಡಿಸಿ ಹೇಳಲು ಆಗುವುದಿಲ್ಲ. ಎಲ್ಲವನ್ನೂ ಒಟ್ಟಿಗೇ ಬಿಟ್ಟಿದ್ದೆ, ಒಟ್ಟಿಗೇ ಹಿಡಿದುಕೊಂಡೆ. ಮೂರು ವಾರದಲ್ಲಿ ಮತ್ತೆ ಹಿಡಿತಕ್ಕೆ ಬಂತು.

ಆ ವರ್ಷದ ಜೂನ್‌ನಲ್ಲಿ ತೂಕ 68. ಮೂರು ತಿಂಗಳ ಶುಗರ್ 5.6. ನರ ಪರೀಕ್ಷೆ ಮತ್ತೆ ಮಾಡಿಸಿದೆ, ಬಲಗೈ ಮಧ್ಯಮದಿಂದ ಸೌಮ್ಯ ಹಂತಕ್ಕೆ ಬಂದಿತ್ತು, ಎಡಗೈ ಸರಿ ಹೋಗಿತ್ತು. ಬಿಎಂಐ ಇನ್ನೂ 27, ದಾರಿ ಇನ್ನೂ ಇದೆ.

ನನಗೆ ಆದದ್ದು ಎಲ್ಲರಿಗೂ ಆಗುತ್ತದೆ ಅಂತ ದಯವಿಟ್ಟು ಓದಿಕೊಳ್ಳಬೇಡಿ. ನನ್ನದು ನರ ಸೊರಗುವ ಮೊದಲೇ ಸಿಕ್ಕಿತು. ಕೆಲವರಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಬೇಕಾಗುತ್ತದೆ, ಅದು ಕೆಲವು ವಾರ, ಕೆಲವು ತಿಂಗಳು ಆರಾಮ ಕೊಡುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಶುಗರ್ ಏರಬಹುದು. ಕೆಲವರಿಗೆ ಆಪರೇಷನ್ನೇ ಬೇಕು. ಜೋಮು ಬಂದು ಹೋಗುವುದಲ್ಲ, ಹಗಲೂ ರಾತ್ರಿ ಹಾಗೇ ಇದ್ದರೆ, ಲೋಟ ಕೈಯಿಂದ ಜಾರುತ್ತಿದ್ದರೆ, ಹುಕ್ಕು ಗುಂಡಿ ಹಾಕಲು ಆಗದಿದ್ದರೆ, ಹೆಬ್ಬೆರಳಿನ ಬುಡ ಚಪ್ಪಟೆ ಆಗುತ್ತಿದ್ದರೆ, ತೂಕ ಇಳಿಸಿ ನೋಡೋಣ ಅಂತ ಕಾಯಬೇಡಿ. ಅದೇ ವಾರ ಹೋಗಿ ತೋರಿಸಿ. ಸಾಮಾನ್ಯವಾಗಿ ಮಣಿಕಟ್ಟಿಗೆ ಮಾತ್ರ ಅರಿವಳಿಕೆ ಕೊಟ್ಟು, ಸುರಂಗದ ಚಾವಣಿಯ ಪಟ್ಟಿ ಕತ್ತರಿಸುತ್ತಾರೆ, ನರಕ್ಕೆ ಜಾಗ ಆಗುತ್ತದೆ. ಅವತ್ತೇ ಮನೆಗೆ ಬರಬಹುದು.

ಅವ್ವನಿಗೆ ಅದನ್ನೇ ಮಾಡಿಸಿದೆವು. ಅವಳ ಬಲಗೈ ಪರೀಕ್ಷೆಯಲ್ಲಿ ತೀವ್ರ ಅಂತ ಬಂದಿತ್ತು. "ಈ ವಯಸ್ಸಿನ್ಯಾಗ ನನಗ್ಯಾಕ ಆಪ್ರೇಷನ್ನು, ನಿನ್ನ ಕೈ ನೋಡ್ಕ್ಯ ನೀನು" ಅಂತ ಮೂರು ತಿಂಗಳು ತಳ್ಳಿದಳು, ಆಮೇಲೆ ಒಪ್ಪಿದಳು. ಹೊಲಿಗೆ ಬಿಚ್ಚುವಷ್ಟರಲ್ಲಿ ರಾತ್ರಿಯ ಉರಿ ಹೋಗಿತ್ತು. ಹೆಬ್ಬೆರಳಿನ ಮಾಂಸ ಮಾತ್ರ ವಾಪಸ್ ಬರಲಿಲ್ಲ, ಬರುವುದು ಕಷ್ಟ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಈಗ ಅವಳು ಬಂದಾಗ ಹಾಲ್‌ನಲ್ಲಿ ಬೆಳಗಿನ ಜಾವದವರೆಗೆ ಗೊರಕೆ ಹೊಡೆಯುತ್ತಾ ಮಲಗುತ್ತಾಳೆ. ಬೆಳಿಗ್ಗೆ ಎದ್ದು ಕೌದಿ ಹೊಲಿಯಲು ಕೂರುತ್ತಾಳೆ, ಸೂಜಿಗೆ ದಾರ ಪೋಣಿಸಿ ಕೊಡು ಅಂತ ನನ್ನನ್ನು ಕರೆಯುತ್ತಾಳೆ.